ಖಾಸಗಿ ಮದಗಗಳ ಕೆಳಗಿನ ಮನೆಗಳನ್ನು ಎಣಿಸಿ: ಉಡುಪಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ನಮ್ಮ ಜಿಲ್ಲೆಯಲ್ಲಿ ಖಾಸಗಿಯವರು ತಮ್ಮ ಜಾಗದಲ್ಲಿ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡವಾಗಿ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿದ ಮದಗಗಳು ಎಷ್ಟಿವೆ, ಎಲ್ಲೆಲ್ಲಿವೆ ಎಂದು ಪಟ್ಟಿ ಮಾಡಿಸಬೇಕು. ಅದು ಒಡೆದರೆ ಕೆಳಗಿರುವವರಿಗೆ ಏನಾಗುತ್ತದೆ ಎಂಬುದನ್ನೇ ಲೆಕ್ಕಕ್ಕೆ ಹಿಡಿದು ಪ್ರತಿ ಏರಿಗೂ ಒಂದು ಅಪಾಯದ ದರ್ಜೆ ಕೊಡಿಸಬೇಕು. ಇದು ಬರುವ ಮಳೆಗಾಲಕ್ಕೆ ಮೊದಲು ಆಗಬೇಕು. ಈ ಪತ್ರದ ಕೋರಿಕೆ ಇಷ್ಟೇ. ಉಳಿದದ್ದೆಲ್ಲ ಅದಕ್ಕೆ ಕಾರಣ.

ನಾನು ಹೆಬ್ರಿ ತಾಲ್ಲೂಕಿನ ಒಂದು ಬೈಲಿನಲ್ಲಿ, ಅಂದರೆ ಗುಡ್ಡೆಗಳ ನಡುವಿನ ತಗ್ಗು ಜಾಗದಲ್ಲಿ, ಅಡಿಕೆ ತೋಟ, ಸ್ವಲ್ಪ ಗದ್ದೆ ಮಾಡಿಕೊಂಡಿರುವ ಕೃಷಿಕ. ನಮ್ಮ ಮನೆಯಿಂದ ತೋಡಿನ ಗುಂಟ ಮೇಲಕ್ಕೆ ಹೋದರೆ, ಅರ್ಧ ಕಿಲೋಮೀಟರ್ ಆಗುವ ಮೊದಲೇ, ಎರಡು ಗುಡ್ಡೆಗಳ ಸಂದಿಯಲ್ಲಿ ಇಂಥದೊಂದು ಏರಿ ಸಿಗುತ್ತದೆ. ಸುಮಾರು ಹದಿನೈದು ವರ್ಷದ ಹಿಂದೆ ಒಂದು ಬೇಸಗೆಯಲ್ಲಿ ಹಿಟಾಚಿ ತರಿಸಿ, ಪಕ್ಕದ ಗುಡ್ಡೆ ಕಡಿದು, ಆ ಮಣ್ಣನ್ನೇ ಅಡ್ಡ ಹಾಕಿ ಕಟ್ಟಿದ್ದು. ಅಡಿಕೆಗೆ ಏಪ್ರಿಲ್, ಮೇ ತಿಂಗಳಲ್ಲಿ ನೀರು ಸಾಲುತ್ತಿರಲಿಲ್ಲ, ಬೋರ್‌ವೆಲ್ ಕೈಕೊಟ್ಟಿತ್ತು. ಕಟ್ಟಿಸಿದವರ ಉದ್ದೇಶದಲ್ಲಿ ಚೂರೂ ತಪ್ಪಿಲ್ಲ. ಆ ಮದಗ ಬಂದ ಮೇಲೆ ಕೆಳಗಿನ ನಮ್ಮ ಬಾವಿಗಳಲ್ಲಿಯೂ ಮೇ ಕೊನೆಯವರೆಗೆ ನೀರು ನಿಲ್ಲುತ್ತಿದೆ. ಆದ್ದರಿಂದ ಅದನ್ನು ಒಡೆಸಿ ಎಂದು ನಾನು ಕೇಳುತ್ತಿಲ್ಲ. ನಮ್ಮ ಬೈಲಿನವರು ಯಾರೂ ಹಾಗೆ ಕೇಳುವುದಿಲ್ಲ.

ಏರಿಯ ಹೊರಬದಿಯ ಬುಡದಿಂದ ನೆತ್ತಿಯವರೆಗೆ ಇಪ್ಪತ್ತು ಅಡಿ, ಅಂದರೆ 6 ಮೀಟರ್. ತುಂಬಿದಾಗ ನೀರು ಹರಡುವ ಜಾಗ 80 ಮೀಟರ್ ಉದ್ದ, 50 ಮೀಟರ್ ಅಗಲ. ಸರಾಸರಿ ಆಳ 3 ಮೀಟರ್ ಹಿಡಿದರೆ 12,000 ಘನ ಮೀಟರ್, ಒಂದು ಕೋಟಿ ಇಪ್ಪತ್ತು ಲಕ್ಷ ಲೀಟರ್. ಬೇಸಗೆಯಲ್ಲಿ ಊರಿಗೆ ನೀರು ತರುವ 12,000 ಲೀಟರಿನ ದೊಡ್ಡ ಟ್ಯಾಂಕರ್ ಇದೆಯಲ್ಲ, ಅಂಥ ಸಾವಿರ ಟ್ಯಾಂಕರುಗಳಷ್ಟು. ದೊಡ್ಡ ಅಣೆಕಟ್ಟುಗಳ ಲೆಕ್ಕದಲ್ಲಿ ಇದು ನಗಣ್ಯ. ಆದರೆ ಮಣ್ಣಿನ ಏರಿ ಒಡೆಯುವಾಗ ಸೋರಿ ಸೋರಿ ಖಾಲಿಯಾಗುವುದಿಲ್ಲ. ಒಂದು ಕಡೆ ಕೊರೆತ ಶುರುವಾದರೆ ಹರಿಯುವ ನೀರೇ ಮಣ್ಣನ್ನು ಕಿತ್ತುಕೊಂಡು ಕಂಡಿಯನ್ನು ಆಳವಾಗಿ, ಅಗಲವಾಗಿ ಮಾಡುತ್ತ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಖಾಲಿಯಾಯಿತೆಂದು ಹಿಡಿದರೂ ಸೆಕೆಂಡಿಗೆ ಸರಾಸರಿ 6,600 ಲೀಟರಿಗೂ ಹೆಚ್ಚು. ಕಂಡಿ ಪೂರ್ತಿ ತೆರೆದುಕೊಂಡ ಹೊತ್ತಿನ ರಭಸ ಆ ಸರಾಸರಿಗಿಂತ ಎಷ್ಟೋ ಜಾಸ್ತಿ. ಬೇಸಗೆಯಲ್ಲಿ ಮಕ್ಕಳು ನೆಗೆದು ದಾಟುವ ತೋಡಿನಲ್ಲಿ ಕಲ್ಲು, ಕೆಸರು, ಬುಡಸಹಿತ ಅಡಿಕೆ ಮರಗಳನ್ನು ಸೇರಿಸಿಕೊಂಡು ಬರುವ ನೀರು ಅದು.

ಆ ನೀರು ಬರುವ ದಾರಿಯಲ್ಲಿ ಈಗ ಹನ್ನೊಂದು ಮನೆಗಳಿವೆ, ಒಂದು ಅಂಗನವಾಡಿ ಇದೆ. ಅದರ ಕೆಳಗೆ ಡಾಮರು ರಸ್ತೆ, ರಸ್ತೆಯಡಿಗೆ ಎರಡು ಸಿಮೆಂಟ್ ಪೈಪಿನ ಮೋರಿ. ಈ ಮೋರಿಯನ್ನು ಯಾರೂ ಗಮನಿಸುವುದಿಲ್ಲ, ಆದರೆ ನನಗೆ ಹೆಚ್ಚಿನ ಭಯ ಅದರದ್ದೇ. ಸಾಧಾರಣ ಮಳೆಗೇ ಅದರ ಬಾಯಿಗೆ ಸೋಗೆ, ತೆಂಗಿನ ಮಡಲು ಬಂದು ಸಿಕ್ಕಿಕೊಳ್ಳುತ್ತವೆ. ಮೇಲಿಂದ ಮರಗಳೇ ಬಂದರೆ ಮೋರಿ ಮುಚ್ಚಿ ರಸ್ತೆಯೇ ಎರಡನೇ ಏರಿಯಾಗುತ್ತದೆ. ಅಂಗನವಾಡಿ ಇರುವುದು ಆ ಎರಡು ಏರಿಗಳ ನಡುವೆ.

ಏರಿ ಕಟ್ಟಿದಾಗ ಪರಿಸ್ಥಿತಿ ಹೀಗಿರಲಿಲ್ಲ. ಆಗ ಕೆಳಗೆ ಇದ್ದದ್ದು ಗದ್ದೆ. ಒಡೆದರೂ ಒಂದು ಬೆಳೆ ಹೋಗುತ್ತಿತ್ತು, ಹೂಳು ತುಂಬುತ್ತಿತ್ತು, ಅಷ್ಟೇ. ಆಮೇಲೆ ನಾಟಿಗೆ ಜನ ಸಿಗದೆ ಗದ್ದೆಗಳು ಹಡಿಲು ಬಿದ್ದವು, ಪಾಲಾದವು, ಮಾರಾಟವಾದವು. ಮಣ್ಣು ತುಂಬಿಸಿ ಮನೆ ಕಟ್ಟಿದರು. ಹೊಸದಾಗಿ ಬಂದವರಲ್ಲಿ ಎಷ್ಟೋ ಜನರಿಗೆ ಮೇಲೆ ಮದಗ ಇದೆ ಎಂಬುದೇ ಗೊತ್ತಿಲ್ಲ. ಏರಿಯ ಒಂದು ಹಿಡಿ ಮಣ್ಣೂ ಬದಲಾಗಿಲ್ಲ, ಆದರೆ ಅದು ಒಡೆದರೆ ಆಗುವ ನಷ್ಟ ಪೂರ್ತಿ ಬದಲಾಗಿದೆ. ಕರಾವಳಿಯಲ್ಲಿ ಬೈಲುಗಳು ಹೀಗೆ ಬದಲಾಗುತ್ತಿರುವುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಭೂಪರಿವರ್ತನೆಯ ಕಡತಗಳು ತಮ್ಮ ಕಚೇರಿಯಲ್ಲೇ ಇವೆ.

ಇನ್ನು ಏರಿಯ ಸ್ಥಿತಿ. ಹೆಚ್ಚುವರಿ ನೀರು ಹೋಗಲು ಸರಿಯಾದ ಕೋಡಿ ಇಲ್ಲ. ನೆತ್ತಿಯಿಂದ ಎರಡಡಿ ಕೆಳಗೆ ಆರಿಂಚಿನ ಎರಡು ಪಿವಿಸಿ ಪೈಪು ತೂರಿಸಿದ್ದಾರೆ. ಅವೆರಡೂ ತುಂಬಿ ಹರಿದರೂ ಸೆಕೆಂಡಿಗೆ ನೂರು ಲೀಟರಿನ ಆಸುಪಾಸು ಹೋದೀತು. ಆ ಮದಗಕ್ಕೆ ನೀರು ಬರುವ ಗುಡ್ಡೆ ಸುಮಾರು ಐವತ್ತು ಎಕರೆ, ಅಂದರೆ 20 ಹೆಕ್ಟೇರ್. ಅದರ ಮೇಲೆ ಒಂದು ಗಂಟೆಯಲ್ಲಿ 60 ಮಿಲಿಮೀಟರ್ ಮಳೆ ಸುರಿದು, ಹತ್ತರಲ್ಲಿ ಏಳು ಪಾಲು ಹರಿದು ಬಂತೆಂದು ಲೆಕ್ಕ ಹಾಕಿದರೆ ಸೆಕೆಂಡಿಗೆ 2,300 ಲೀಟರ್ ದಾಟುತ್ತದೆ. ವರ್ಷಕ್ಕೆ 4,000 ಮಿಲಿಮೀಟರ್ ಮಳೆ ಕಾಣುವ, ಆಗುಂಬೆ ಘಾಟಿಯ ಬುಡದಲ್ಲಿರುವ ನಮಗೆ ಅಂಥ ಒಂದು ಗಂಟೆ ಕಲ್ಪನೆಯಲ್ಲ. 2020ರ ಸೆಪ್ಟೆಂಬರ್ 20ರ ನೆರೆ ಉಡುಪಿಯಲ್ಲಿ ಯಾರಿಗೂ ಮರೆತಿಲ್ಲ. ಮಳೆಗಾಲ ಮುಗಿಯಿತು ಎನ್ನುವ ಹೊತ್ತಿಗೆ, ಮಣ್ಣೆಲ್ಲ ನೀರು ಕುಡಿದು ಕೂತಿದ್ದಾಗ ಬಂದ ಮಳೆ ಅದು.

ಹಾಗಾದರೆ ಇಷ್ಟು ವರ್ಷ ಏರಿ ಉಳಿದದ್ದು ಹೇಗೆ ಎಂದು ಯಾರಾದರೂ ಕೇಳಬಹುದು. ಉಳಿದದ್ದು ಒಂದು ಚರಂಡಿಯಿಂದ. ಬಲಬದಿಯಲ್ಲಿ, ಏರಿ ಗುಡ್ಡೆಗೆ ತಾಗುವಲ್ಲಿ, ತೋಟ ನೋಡಿಕೊಳ್ಳುವವರು ಹಾರೆಯಲ್ಲಿ ಕಡಿದು ನೀರು ಬಿಟ್ಟಿದ್ದಾರೆ. ಮಣ್ಣಿನ ಚರಂಡಿ, ಕಲ್ಲು ಕಟ್ಟಿಲ್ಲ, ಕಾಂಕ್ರೀಟ್ ಇಲ್ಲ. ಕಳೆದ ಆಟಿಯಲ್ಲಿ (ಜೋರು ಮಳೆಯ ತುಳು ತಿಂಗಳು) ನಾನು ಅದರೊಳಗೆ ಇಳಿದು ನೋಡಿದೆ. ಮೇಲಿನ ಎರಡಡಿ ಕೆಂಪು ಮುರ ಮಣ್ಣು. ಅದರ ಕೆಳಗೆ ಬಿಳಿ, ತಿಳಿಗುಲಾಬಿ ಬಣ್ಣದ, ಶೇಡಿ ಎಂದು ಕರೆಯುವ ನುಣುಪು ಮಣ್ಣು. ಕೈಯಲ್ಲಿ ಹಿಡಿದು ಹಿಸುಕಿದರೆ ಬೆರಳ ಸಂದಿಯಿಂದ ಇಳಿದುಹೋಗುತ್ತಿತ್ತು. ಚರಂಡಿಯ ಕೆಳತುದಿಯಲ್ಲಿ ನೀರು ಧುಮುಕುವಲ್ಲಿ ಎದೆಮಟ್ಟದ ಗುಂಡಿಯಾಗಿದೆ, ಆ ಗುಂಡಿ ವರ್ಷವರ್ಷವೂ ಮೇಲಕ್ಕೆ, ಮದಗದ ಕಡೆಗೆ, ಸರಿಯುತ್ತಿದೆ. ಅದು ನೀರಿನ ಅಂಚು ಮುಟ್ಟಿದ ದಿನ ಏರಿಯ ಆ ಮೂಲೆ ನಿಲ್ಲುವುದಿಲ್ಲ.

ಏರಿಯ ಬುಡದಲ್ಲಿ ಇನ್ನೊಂದು ಲಕ್ಷಣವಿದೆ. ಮಣ್ಣಿನ ಏರಿ ಸ್ವಲ್ಪ ಒಸರುವುದು ಸಹಜ, ಒಸರುವ ನೀರು ತಿಳಿಯಾಗಿದ್ದರೆ ಗಾಬರಿ ಬೇಡ. ನಮ್ಮಲ್ಲಿ ಬುಡದ ನಡುಮಧ್ಯೆ, ಏಡಿ ಮಾಟೆಗಳ (ಬಿಲಗಳ) ಪಕ್ಕ, ಹೆಬ್ಬೆರಳು ಗಾತ್ರದ ಒರತೆಯೊಂದು ಹುಟ್ಟಿಕೊಂಡಿದೆ. ಒಂದು ಸ್ಟೀಲ್ ಲೋಟದಲ್ಲಿ ಆ ನೀರು ಹಿಡಿದು ಪಕ್ಕಕ್ಕಿಟ್ಟೆ. ಸ್ವಲ್ಪ ಹೊತ್ತಿಗೆ ತಳದಲ್ಲಿ ಬಿಳಿಯ ನುಣುಪಾದ ಪದರ ಕೂತಿತ್ತು. ಅಂದರೆ ನೀರು ಏರಿಯ ಹೊಟ್ಟೆಯೊಳಗಿನ ಮಣ್ಣನ್ನು ಹೊತ್ತುಕೊಂಡು ಬರುತ್ತಿದೆ. ಎಂಜಿನಿಯರುಗಳು ಪೈಪಿಂಗ್ ಎಂದು ಕರೆಯುವುದು ಇದನ್ನೇ. ಏರಿಯ ಒಳಗೆ ಕಣ್ಣಿಗೆ ಕಾಣದ ಕೊಳವೆಯೊಂದು ಬುಡದಿಂದ ನೀರಿನ ಕಡೆಗೆ ಬೆಳೆಯುತ್ತ ಹೋಗುತ್ತದೆ, ಅದು ನೀರಿಗೆ ಸೇರಿದ ಮೇಲೆ ಸಿಗುವ ಸಮಯ ಬಹಳ ಕಡಿಮೆ. ಮಣ್ಣಿನ ಅಣೆಕಟ್ಟುಗಳು ಸೋಲುವ ಎರಡು ಮುಖ್ಯ ದಾರಿಗಳೆಂದರೆ ನೀರು ನೆತ್ತಿ ಹಾರುವುದು ಮತ್ತು ಹೀಗೆ ಒಳಗೊಳಗೇ ಕೊರೆಯುವುದು. ನಮ್ಮ ಏರಿಗೆ ಎರಡೂ ದಾರಿ ತೆರೆದಿವೆ.

ನಮ್ಮ ಜಿಲ್ಲೆಯ ಮಟ್ಟಿಗೆ ಶೇಡಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಬಂಡೆ, ನಡುವೆ ಈ ಶೇಡಿ ಮಣ್ಣಿನ ಪದರ. ಮಂಗಳೂರಿನಿಂದ ಬೈಂದೂರಿನವರೆಗೆ ಗುಡ್ಡೆ ಕಡಿದ ಬಹಳ ಕಡೆ ಇದು ಕಾಣುತ್ತದೆ. ಒಣಗಿದಾಗ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ಅದನ್ನು ನೋಡಿ ಜನ ಮೋಸ ಹೋಗುತ್ತಾರೆ. ನೀರು ಕುಡಿದಾಗ ಬಲ ಕಳೆದುಕೊಂಡು ಹರಿದುಹೋಗುತ್ತದೆ. ರಸ್ತೆ ಅಗಲ ಮಾಡುವಾಗ ಗುಡ್ಡೆ ಜರಿಯುವುದಕ್ಕೂ ಬಹಳ ಕಡೆ ಇದೇ ಕಾರಣ. ಮನೆಯ ಅಡಿಪಾಯಕ್ಕೆ ಶೇಡಿ ಬಂತೆಂದರೆ ಮೇಸ್ತ್ರಿ ಕೂಡ ಕೆಲಸ ನಿಲ್ಲಿಸಿ ಎಂಜಿನಿಯರನ್ನು ಕರೆಯಿರಿ ಎನ್ನುತ್ತಾರೆ. ಅದೇ ಮಣ್ಣನ್ನು ಹಿಟಾಚಿಯ ಬಕೆಟ್‌ನಲ್ಲಿ ಎತ್ತಿ ಸುರಿದು, ರೋಲರ್ ಹಾಯಿಸದೆ, ಮಧ್ಯೆ ಜೇಡಿಯ ಗಟ್ಟಿ ಗೋಡೆಯನ್ನೂ ಕಟ್ಟದೆ ಇಪ್ಪತ್ತು ಅಡಿ ಏರಿ ಎಬ್ಬಿಸುವಾಗ ಯಾರನ್ನೂ ಕೇಳಲಿಲ್ಲ. ಒಂದು ಕೊಟ್ಟಿಗೆಗೆ ಪಂಚಾಯತ್ ಪರವಾನಗಿ ಬೇಕಾಗಬಹುದಾದ ಊರಿನಲ್ಲಿ ಒಂದು ಕೋಟಿ ಲೀಟರ್ ನೀರನ್ನು ಜನರ ತಲೆಯ ಮೇಲೆ ನಿಲ್ಲಿಸುವುದಕ್ಕೆ ಕಾಗದ ಪತ್ರ ಏನೂ ಇಲ್ಲದೆ ಕೆಲಸ ಆಗಿಹೋಗಿದೆ.

ನಾನು ಕಚೇರಿಗಳಿಗೆ ಹೋಗಿಲ್ಲವೆಂದಲ್ಲ. ಒಂದು ಕಡೆ ಪಟ್ಟಾ ಜಾಗ, ನಮಗೆ ಸಂಬಂಧವಿಲ್ಲ ಎಂದರು. ಇನ್ನೊಂದು ಕಡೆ ಇಷ್ಟು ಸಣ್ಣದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಮತ್ತೊಂದು ಕಡೆ ಒಡೆದಿಲ್ಲವಲ್ಲ ಎಂದು ಕೇಳಿದರು. ಹೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮೇಜಿನ ಮೇಲಿರುವ ನಿಯಮವೇ ಹಾಗಿದೆ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ. 10ರಿಂದ 15 ಮೀಟರ್ ಎತ್ತರದವು ಬರಬೇಕಾದರೆ 500 ಮೀಟರ್ ಉದ್ದವೋ, ಹತ್ತು ಲಕ್ಷ ಘನ ಮೀಟರ್ ನೀರೋ, ಅಂಥ ಏನಾದರೊಂದು ಷರತ್ತು ಪೂರೈಸಬೇಕು. ಅಣೆಕಟ್ಟಿನ ಕೋಡಿ ಎಷ್ಟು ದೊಡ್ಡದಿರಬೇಕು ಎಂದು ಹೇಳುವ ಭಾರತೀಯ ಮಾನಕ 11223ರಲ್ಲಿ ಸಣ್ಣ ಅಣೆಕಟ್ಟು ಎಂಬ ವರ್ಗವೇ ಶುರುವಾಗುವುದು ಐದು ಲಕ್ಷ ಘನ ಮೀಟರಿನಿಂದ. ನಮ್ಮ 12,000 ಘನ ಮೀಟರಿನ ಮದಗ ಸಣ್ಣದು ಎನಿಸಿಕೊಳ್ಳುವಷ್ಟೂ ದೊಡ್ಡದಲ್ಲ.

ಆದರೆ ಅದೇ ಮಾನಕ, ಒಡೆದಾಗ ಆಗುವ ಹಾನಿ ವಿಶೇಷವಾಗಿ ದೊಡ್ಡದಾಗಿದ್ದರೆ ಕೋಡಿಯನ್ನು ಇನ್ನೂ ದೊಡ್ಡ ನೆರೆಗೆ ಲೆಕ್ಕ ಹಾಕಬಹುದು ಎಂದೂ ಹೇಳುತ್ತದೆ. ಕೇಂದ್ರ ಜಲ ಆಯೋಗ 2020ರಲ್ಲಿ ತಂದ ಮಾರ್ಗಸೂಚಿಯೂ ಅಣೆಕಟ್ಟುಗಳನ್ನು ಹಾನಿಯ ಸಾಧ್ಯತೆಯ ಮೇಲೆ ನಾಲ್ಕು ವರ್ಗ ಮಾಡುತ್ತದೆ. ಕೆಳಗೆ ಎಷ್ಟು ಜನರಿದ್ದಾರೆ, ಏನೇನು ಮುಳುಗುತ್ತದೆ ಎಂಬುದು ಅಲ್ಲಿ ಮುಖ್ಯ. ಅಂದರೆ ಅಳೆಯುವ ಕೋಲು ನಮ್ಮ ದೇಶದಲ್ಲೇ ಇದೆ. ಅದನ್ನು ಆರು ಮೀಟರಿನ ಏರಿಯ ಹತ್ತಿರ ತಂದಿಲ್ಲ, ಅಷ್ಟೇ.

ಇಲ್ಲಿ ಎರಡು ಸಂಗತಿಗಳನ್ನು ಬೆರೆಸಬಾರದು. ಏರಿ ಎಷ್ಟು ಗಟ್ಟಿಯಾಗಿದೆ ಎಂಬುದು ಒಂದು, ಒಡೆದರೆ ಏನಾಗುತ್ತದೆ ಎಂಬುದು ಇನ್ನೊಂದು. ಅಪಾಯದ ದರ್ಜೆ ಎರಡನೆಯದರ ಮೇಲೆ ನಿಲ್ಲಬೇಕು. ಅಮೆರಿಕದಲ್ಲಿ ಅಣೆಕಟ್ಟುಗಳಿಗೆ ಕಡಿಮೆ, ಗಣನೀಯ, ಹೆಚ್ಚು ಎಂಬ ಮೂರು ದರ್ಜೆಗಳಿವೆ. ಒಡೆದರೆ ಒಂದು ಜೀವ ಹೋಗುವ ಸಂಭವವಿದ್ದರೂ ಸಾಕು, ಅದು ಹೆಚ್ಚಿನ ಅಪಾಯದ ದರ್ಜೆ. ಏರಿ ಹೊಚ್ಚಹೊಸದಾಗಿರಲಿ, ಎಂಜಿನಿಯರ್ ನಿಂತು ಕಟ್ಟಿಸಿದ್ದಿರಲಿ, ದರ್ಜೆ ಇಳಿಯುವುದಿಲ್ಲ. ಸ್ಥಿತಿಯ ಪರಿಶೀಲನೆ ಬೇರೆ ಕಾಲಂ. ನಮ್ಮಲ್ಲಿ ಮಾತು ಯಾವಾಗಲೂ "ಗಟ್ಟಿಯಿದೆ, ಏನೂ ಆಗುವುದಿಲ್ಲ" ಎಂಬಲ್ಲಿಗೆ ನಿಂತುಬಿಡುತ್ತದೆ.

ದರ್ಜೆ ತಪ್ಪಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ್ದೇ ಹವಾಯಿ ದ್ವೀಪಗಳಲ್ಲಿದ್ದ ಕಾಲೊಕೊ ಅಣೆಕಟ್ಟನ್ನು ನೋಡಬೇಕು. 1890ರಲ್ಲಿ ಕಬ್ಬಿನ ತೋಟದ ನೀರಿಗಾಗಿ ಕಟ್ಟಿದ ಮಣ್ಣಿನ ಏರಿ. ಆಮೇಲೆ ಖಾಸಗಿ ಜಾಗದೊಳಗೆ ಉಳಿದುಕೊಂಡಿತು. ಸರ್ಕಾರದ ಪಟ್ಟಿಯಲ್ಲಿ ಅದಕ್ಕೆ ಕಡಿಮೆ ಅಪಾಯದ ದರ್ಜೆ ಇತ್ತು. ಕೋಡಿಯನ್ನು ಮಣ್ಣು ತುಂಬಿ ಮುಚ್ಚಲಾಗಿತ್ತು ಎಂಬುದು ಆಮೇಲೆ ತನಿಖೆಯಲ್ಲಿ ಮುಂದೆ ಬಂತು. ದಿನಗಟ್ಟಲೆ ಮಳೆ ಸುರಿದ ಮೇಲೆ 2006ರ ಮಾರ್ಚ್ 14ರ ನಸುಕಿನಲ್ಲಿ ಒಡೆಯಿತು, ಕೆಳಗೆ ಮಲಗಿದ್ದ ಏಳು ಜನ ಹೋದರು.

ಕೀನ್ಯಾದ ಸೊಲಾಯಿಯಲ್ಲಿ 2018ರ ಮೇ 9ರ ರಾತ್ರಿ ಖಾಸಗಿ ತೋಟವೊಂದರ ಮಣ್ಣಿನ ಅಣೆಕಟ್ಟು ಒಡೆದು ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು. ನಮ್ಮದೇ ಪಶ್ಚಿಮ ಘಟ್ಟದ ಮಗ್ಗುಲಲ್ಲಿ, ಕೊಂಕಣದ ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ, 2019ರ ಜುಲೈ 2ರ ರಾತ್ರಿ ಒಡೆದದ್ದು ಸರ್ಕಾರಿ ಅಣೆಕಟ್ಟು. ಹದಿನೆಂಟಕ್ಕೂ ಹೆಚ್ಚು ಜನ ತೀರಿಕೊಂಡರು. ಸೋರುತ್ತಿದೆ ಎಂದು ಊರವರು ಮೊದಲೇ ಹೇಳಿದ್ದರು. ಏಡಿಗಳು ಕೊರೆದದ್ದೇ ಕಾರಣ ಎಂದು ಅಲ್ಲಿನ ಮಂತ್ರಿಯೊಬ್ಬರು ಆಗ ಹೇಳಿದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. ಏಡಿ ಮಾಟೆ ಮಾಡುವುದು ನಿಜ, ಹೊಸದೇನಲ್ಲ. ಅದನ್ನು ವರ್ಷಕ್ಕೊಮ್ಮೆ ಹುಡುಕಿ ಮುಚ್ಚಬೇಕಾದವರು ಯಾರು ಎಂಬುದು ಬರೆದಿಡಬೇಕಾದ ವಿಷಯ. ಕತ್ತಲು, ಮಳೆ, ಕೆಳಗೆ ಮನೆಗಳಲ್ಲಿದ್ದ ಜನ: ಮೂರು ಕಡೆಯೂ ಇವೇ ಸೇರಿದ್ದವು. ನಮ್ಮಲ್ಲಿ ಅಂಥ ರಾತ್ರಿ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಮೊಬೈಲ್ ಸಿಗ್ನಲ್.

ನೀರು ಕಟ್ಟುವುದು ತುಳುನಾಡಿಗೆ ಹೊಸ ವಿದ್ಯೆಯಲ್ಲ. ಕೊಯ್ಲಾದ ಮೇಲೆ ಊರವರೆಲ್ಲ ಸೇರಿ ಹೊಳೆಗೆ, ತೋಡಿಗೆ ಮಣ್ಣು, ಕಲ್ಲು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಿದ್ದರು. ಅದು ಬೇಸಗೆಯ ಬೆಳೆಗೆ ಮಾತ್ರ. ಮುಂಗಾರು ಕಾಲಿಟ್ಟ ಕೂಡಲೇ ಬಿಡಿಸುತ್ತಿದ್ದರು, ಇಲ್ಲವೇ ಹೊಳೆಯೇ ಒಯ್ಯುತ್ತಿತ್ತು. ಈಗಿನ ಕಿಂಡಿ ಅಣೆಕಟ್ಟುಗಳಲ್ಲೂ ಮಳೆಗಾಲಕ್ಕೆ ಮೊದಲು ಹಲಗೆ ತೆಗೆಯುತ್ತಾರೆ. ಎರಡರಲ್ಲೂ ಇರುವ ವಿವೇಕ ಒಂದೇ: ಇಲ್ಲಿಯ ಮಳೆಗೆ ಎದುರಾಗಿ ನೀರನ್ನು ತಡೆದು ನಿಲ್ಲಿಸಬಾರದು. ವರ್ಷವಿಡೀ ನೀರು ನಿಲ್ಲುವ ಹಳೆಯ ಮದಗಗಳೂ ಇವೆ. ನಮ್ಮ ಪಕ್ಕದ ಗ್ರಾಮದ ದೇವಸ್ಥಾನದ ಮದಗಕ್ಕೆ ಏರಿ ಆಳೆತ್ತರವೂ ಇಲ್ಲ, ಕೋಡಿ ಏರಿಯಿಂದ ದೂರ, ಗಟ್ಟಿ ಮುರಕಲ್ಲಿನ ಹಾಸಿನ ಮೇಲೆ ಅಗಲವಾಗಿ ಹರಿಯುತ್ತದೆ. ಎಷ್ಟೇ ನೀರು ಬಂದರೂ ಕಲ್ಲು ಕೊರೆಯುವುದಿಲ್ಲ. ಹಿಟಾಚಿ ಬಂದ ಮೇಲೆ ಏರಿ ಮಾತ್ರ ಮೂರು ಪಟ್ಟು ಎತ್ತರವಾಯಿತು. ಕೋಡಿಯನ್ನು ಎಲ್ಲಿ ಬಿಡಬೇಕು ಎಂಬ ತಿಳಿವಳಿಕೆ ಯಂತ್ರದ ಜೊತೆ ಬರಲಿಲ್ಲ.

ಇನ್ನು ಆಗಬೇಕಾದ ಕೆಲಸ. ಮೊದಲು ಪಟ್ಟಿ. ನೆಲ ಅಗೆದು ಮಾಡಿದ ಕೃಷಿ ಹೊಂಡಗಳನ್ನು ಇದರಲ್ಲಿ ಸೇರಿಸಬೇಡಿ. ಅಲ್ಲಿ ನೀರು ನೆಲಮಟ್ಟಕ್ಕಿಂತ ಕೆಳಗಿದೆ, ಒಡೆಯುವ ಪ್ರಶ್ನೆಯಿಲ್ಲ. ಬೇಕಾದದ್ದು ಕೆಳಗಿನ ನೆಲಕ್ಕಿಂತ ಮೇಲೆ ಏರಿಯ ಬಲದಿಂದ ನಿಂತ ನೀರಿನ ಲೆಕ್ಕ. ಬ್ರಿಟನ್ನಿನ ಕಾಯಿದೆಯಲ್ಲಿ ಅಳೆಯುವುದು ಹೀಗೆಯೇ. ಅಲ್ಲಿ 25,000 ಘನ ಮೀಟರ್ ಮಿತಿಯಿತ್ತು. ವೇಲ್ಸ್ 2016ರಲ್ಲಿ ಅದನ್ನು 10,000ಕ್ಕೆ ಇಳಿಸಿತು. ನಮ್ಮ ಬೈಲಿನ ಮೇಲಿನ ಮದಗ ವೇಲ್ಸಿನಲ್ಲಿದ್ದಿದ್ದರೆ ನೋಂದಣಿಯಾಗಬೇಕಿತ್ತು. ನಮ್ಮ ಮಳೆ, ನಮ್ಮ ಇಳಿಜಾರು ನೋಡಿದರೆ ಇಲ್ಲಿ ಮಿತಿ ಇನ್ನೂ ಕೆಳಗಿರಬೇಕು ಎಂದೇ ನನ್ನ ಅಭಿಪ್ರಾಯ. ಹುಡುಕುವುದು ಕಷ್ಟವಲ್ಲ. ಮಾರ್ಚ್ ತಿಂಗಳ ಉಪಗ್ರಹ ಚಿತ್ರದಲ್ಲಿ ಗುಡ್ಡೆಯ ನಡುವೆ ಹೊಳೆಯುವ ನೀರೆಲ್ಲ ಕಾಣುತ್ತದೆ, ಗ್ರಾಮ ಆಡಳಿತ ಅಧಿಕಾರಿಗಳೂ ಪಂಚಾಯತ್ ಸದಸ್ಯರೂ ಉಳಿದದ್ದನ್ನು ತೋರಿಸುತ್ತಾರೆ.

ದರ್ಜೆ ಕೊಡಲು ಮೊದಲ ಸುತ್ತಿನಲ್ಲಿ ದೊಡ್ಡ ಅಧ್ಯಯನ ಬೇಡ. ಏರಿಯ ಬುಡದಿಂದ ಹೊರಟು ತೋಡಿನ ಜೊತೆ ಎರಡು ಕಿಲೋಮೀಟರ್ ನಡೆಯಲಿ. ಎರಡೂ ದಡದಲ್ಲಿ ತೋಡಿನ ಮಟ್ಟದಿಂದ ಹೆಚ್ಚು ಎತ್ತರವಿಲ್ಲದ ಮನೆ, ಶಾಲೆ, ಅಂಗನವಾಡಿ, ಮೋರಿ, ರಸ್ತೆ ಎಲ್ಲವನ್ನೂ ಬರೆದುಕೊಳ್ಳಲಿ. ಯಾರಾದರೂ ಮಲಗುವ ಒಂದು ಮನೆ ಸಿಕ್ಕಿದರೂ ಆ ಏರಿ ಮೇಲಿನ ದರ್ಜೆಗೆ ಹೋಗಲಿ. ಅಂಥವನ್ನು ಮಾತ್ರ ಎಂಜಿನಿಯರು ನೋಡಲಿ: ಕೋಡಿ ಸಾಕೇ, ಒಸರುವ ನೀರಿನಲ್ಲಿ ಮಣ್ಣಿದೆಯೇ, ನೆತ್ತಿಯಲ್ಲಿ ಬಿರುಕಿದೆಯೇ, ಏರಿಯ ಮೈಮೇಲೆ ಮರ ಬೆಳೆದಿವೆಯೇ. ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ (ಎನ್‌ಐಟಿಕೆ) ನಮ್ಮ ಪಕ್ಕದಲ್ಲೇ ಇದೆ, ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಾಲೇಜು ಇದೆ. ಶೇಡಿ ಮಣ್ಣಿನ ಬಗ್ಗೆ ಅಲ್ಲಿರುವ ತಿಳಿವಳಿಕೆಯನ್ನು ಜಿಲ್ಲೆ ಬಳಸಿಕೊಳ್ಳಬೇಕು. ಮೇಲಿನ ಏರಿಗೆ ದರ್ಜೆ ಕೊಟ್ಟು ಮುಗಿಸುವುದೂ ಬೇಡ. ಕೆಳಗಿನ ಬೈಲಿನಲ್ಲಿ ಹೊಸ ಭೂಪರಿವರ್ತನೆಗೆ ಅರ್ಜಿ ಬಂದಾಗಲೆಲ್ಲ ಮೇಲೆ ಏರಿ ಇದೆಯೇ ಎಂದು ಪಟ್ಟಿ ನೋಡಿ, ದರ್ಜೆಯನ್ನು ಮತ್ತೆ ಪರಿಶೀಲಿಸುವ ಒಂದು ಸಾಲು ಆ ನಮೂನೆಯಲ್ಲೇ ಸೇರಲಿ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಈ ಒಂದು ಸಾಲು.

ಇದಕ್ಕೆ ಹೊಸ ಕಾಯಿದೆ ಬರುವವರೆಗೆ ಕಾಯಬೇಕಾಗಿಲ್ಲ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ತಾವೇ. 2005ರ ವಿಪತ್ತು ನಿರ್ವಹಣಾ ಕಾಯಿದೆಯ 30ನೇ ಕಲಂ, ಜಿಲ್ಲೆಯಲ್ಲಿ ವಿಪತ್ತಿಗೆ ಈಡಾಗಬಹುದಾದ ಜಾಗಗಳನ್ನು ಗುರುತಿಸಿ ತಡೆಯುವ ಕ್ರಮ ಕೈಗೊಳ್ಳುವಂತೆ ನೋಡಿಕೊಳ್ಳುವ ಹೊಣೆಯನ್ನು ಪ್ರಾಧಿಕಾರಕ್ಕೆ ಕೊಟ್ಟಿದೆ. ಅಲ್ಲಿ ಖಾಸಗಿ ಜಾಗ, ಸರ್ಕಾರಿ ಜಾಗ ಎಂಬ ಭೇದವಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ನೆರೆ ಬರುವ, ಗುಡ್ಡೆ ಜರಿಯುವ ಜಾಗಗಳ ಬಗ್ಗೆ ತಾವು ಸಭೆ ಕರೆಯುತ್ತೀರಿ. ಆ ಪಟ್ಟಿಯಲ್ಲಿ ಖಾಸಗಿ ಏರಿಗಳಿಗೂ ಒಂದು ಕಾಲಂ ಬರಲಿ. ರೆಡ್ ಅಲರ್ಟ್ ಬಂದ ದಿನ ತಾವು ಶಾಲೆ, ಅಂಗನವಾಡಿಗಳಿಗೆ ರಜೆ ಕೊಡುತ್ತೀರಿ, ತಾಯಂದಿರು ತಮ್ಮನ್ನು ನೆನೆಯುತ್ತಾರೆ. ನಮ್ಮ ಬೈಲಿನ ಮಕ್ಕಳು ಆ ದಿನ ಮನೆಯಲ್ಲಿ ಇರುತ್ತಾರೆ, ಮನೆಯೂ ಅದೇ ಏರಿಯ ಕೆಳಗಿದೆ. ಅವರನ್ನು ಎಲ್ಲಿಗೆ ಕರೆದೊಯ್ಯಬೇಕು, ಸಿಗ್ನಲ್ ಇಲ್ಲದಾಗ ಯಾರು ಯಾರಿಗೆ ಹೇಳಬೇಕು, ದೈವಸ್ಥಾನದ ಮೈಕ್‌ಗೆ ಬ್ಯಾಟರಿ ಇದೆಯೇ ಎಂಬುದೂ ಆ ಕಾಲಂನಲ್ಲಿರಲಿ.

ಏರಿಗಳ ಯಜಮಾನರಿಗೂ ಒಂದು ಮಾತು. ನಮ್ಮ ಮೇಲಿನ ಮದಗ ಕಟ್ಟಿಸಿದ ಹಿರಿಯರು ಈಗಿಲ್ಲ, ಮಗ ಮುಂಬಯಿಯಲ್ಲಿದ್ದಾರೆ. ಬೇಸಗೆಯಲ್ಲಿ ಬಂದಾಗ ಮಾತಾಡಿಸುತ್ತಾರೆ, ಒಳ್ಳೆಯವರು. ಏರಿಯ ಹೊಟ್ಟೆಯಲ್ಲಿ ಏನು ಮಣ್ಣಿದೆ ಎಂಬುದು ಅವರಿಗೆ ತಿಳಿಯುವ ದಾರಿಯೇ ಇಲ್ಲ. ಇಂಥವರನ್ನು ಹೆದರಿಸಿದರೆ ಅವರು ಮದಗವನ್ನೇ ಮುಚ್ಚಿಟ್ಟು ಪಟ್ಟಿಗೆ ಸಿಗದ ಹಾಗೆ ಮಾಡುತ್ತಾರೆ. ಪಟ್ಟಿಗೆ ತಾವಾಗಿ ಹೆಸರು ಕೊಟ್ಟವರಿಗೆ ಕೋಡಿ ಕಟ್ಟಲು ನೆರವು ಸಿಗಲಿ. ಇಡೀ ಬೈಲಿನ ಅಂತರ್ಜಲ ಅವರಿಂದ ಏರಿದೆ, ಆ ಲಾಭ ಪಡೆದ ಊರು ಮತ್ತು ಸರ್ಕಾರ ಖರ್ಚಿನಲ್ಲಿ ಪಾಲು ಕೊಡುವುದು ನ್ಯಾಯ. ನಾವು ಬೈಲಿನವರು ಆಳು ಕೊಡಲು ತಯಾರಿದ್ದೇವೆ.

ಆದರೆ ಹೊಣೆ ಅವರದೇ ಎಂಬುದು ಅವರಿಗೆ ಗೊತ್ತಿರಬೇಕು. ತನ್ನ ಜಾಗದಲ್ಲಿ ನೀರು ಕೂಡಿಟ್ಟವನು, ಅದು ಹೊರಗೆ ನುಗ್ಗಿ ನೆರೆಯವನಿಗೆ ಹಾನಿಯಾದರೆ, ತನ್ನ ಅಜಾಗರೂಕತೆ ಇಲ್ಲದಿದ್ದರೂ ಹೊಣೆ ಹೊರಬೇಕು ಎಂದು ಇಂಗ್ಲೆಂಡಿನ ಆಗಿನ ಅತ್ಯುನ್ನತ ನ್ಯಾಯಸ್ಥಾನವಾದ ಹೌಸ್ ಆಫ್ ಲಾರ್ಡ್ಸ್ 1868ರಲ್ಲಿ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಪ್ರಕರಣದಲ್ಲಿ ಹೇಳಿತು. ಗಿರಣಿ ಮಾಲೀಕನೊಬ್ಬನ ಖಾಸಗಿ ಕೆರೆಯ ನೀರು ಪಕ್ಕದವನ ಗಣಿಗೆ ನುಗ್ಗಿದ ಮೊಕದ್ದಮೆ ಅದು. ನಮ್ಮ ಜಿಲ್ಲೆ ಆಗ ಸೇರಿದ್ದ ಮದ್ರಾಸ್ ಪ್ರಾಂತದಲ್ಲಿ ಮಳೆಗೆ ಕೆರೆ ಒಡೆದು ರೈಲ್ವೆಗೆ ಹಾನಿಯಾದಾಗ, 1874ರಲ್ಲಿ ಪ್ರಿವಿ ಕೌನ್ಸಿಲ್ (ಆಗ ಭಾರತದ ಮೊಕದ್ದಮೆಗಳಿಗೆ ಲಂಡನ್ನಿನಲ್ಲಿದ್ದ ಕೊನೆಯ ಮೇಲ್ಮನವಿ ನ್ಯಾಯಸ್ಥಾನ) ಕೆರೆಯ ಹೊಣೆಯಿದ್ದ ಜಮೀನ್ದಾರರನ್ನು ಬಿಟ್ಟುಬಿಟ್ಟಿತು. ಅದಕ್ಕೆ ಕಾರಣ, ಅವು ಅನಾದಿಯಿಂದ ಊರಿನ ಹಿತಕ್ಕಾಗಿ ಇದ್ದ ಕೆರೆಗಳು, ಅವನ್ನು ಉಳಿಸಿಕೊಂಡು ಬರುವುದು ಜಮೀನ್ದಾರರ ಕರ್ತವ್ಯವೇ ಆಗಿತ್ತು, ಅಜಾಗರೂಕತೆಯೂ ಕಂಡುಬರಲಿಲ್ಲ. ತೋಟಕ್ಕೆ, ಹೋಂಸ್ಟೇಗೆ, ಫಾರ್ಮ್‌ಹೌಸಿನ ಚಂದಕ್ಕೆ ನಿನ್ನೆ ಮೊನ್ನೆ ಎಬ್ಬಿಸಿದ ಏರಿಗೆ ಆ ರಕ್ಷಣೆ ಸಿಗುವುದೆಂದು ಯಾರೂ ನಂಬಿಕೊಂಡು ಕೂರಬಾರದು.

ಹೇಳಿಯೂ ಕೇಳದವರಿದ್ದರೆ ಕಾನೂನಿನ ದಾರಿಯಿದೆ. ಬೀಳುವ ಸ್ಥಿತಿಯಲ್ಲಿದ್ದು ನೆರೆಹೊರೆಯವರಿಗೆ ಅಪಾಯ ತರುವ ರಚನೆಯನ್ನು ದುರಸ್ತಿ ಮಾಡಿ, ಇಲ್ಲವೇ ತೆಗೆಯಿರಿ ಎಂದು ಆದೇಶಿಸುವ ಅಧಿಕಾರ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂನಲ್ಲಿತ್ತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂನಲ್ಲಿದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅದಕ್ಕಿಂತ ಮೊದಲು ಮದಗದ ನೀರನ್ನು ಮಳೆಗಾಲ ಪೂರ್ತಿ ಅರ್ಧಕ್ಕೆ ಇಳಿಸಿಡುವಂತೆ ಹೇಳಿದರೂ ಅಪಾಯ ಒಂದಷ್ಟು ಕಡಿಮೆಯಾಗುತ್ತದೆ. ಮುಂಗಾರು ಮುಗಿಯುವಾಗ ಅದು ಹೇಗೂ ತುಂಬಿಕೊಳ್ಳುತ್ತದೆ, ತೋಟಕ್ಕೆ ಒಂದು ಹನಿಯೂ ನಷ್ಟವಿಲ್ಲ.

ಈ ಪತ್ರದಲ್ಲಿ ನಮ್ಮ ಗ್ರಾಮದ ಹೆಸರು, ಜಾಗದವರ ಹೆಸರು ಬರೆದಿಲ್ಲ. ಊರಿನ ಮುಂದೆ ಒಬ್ಬರನ್ನು ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಸರ್ವೆ ನಂಬರ್, ಅಳತೆ, ಒರತೆಯ ಫೋಟೋ, ಕೆಳಗಿನ ಹನ್ನೊಂದು ಮನೆಗಳ ವಿವರ ಇರುವ ಅರ್ಜಿಯನ್ನು ಬೇರೆಯಾಗಿ ತಮ್ಮ ಕಚೇರಿಗೆ ಸಲ್ಲಿಸಿದ್ದೇನೆ. ಜಿಲ್ಲೆಯ ಉಳಿದ ಬೈಲುಗಳಲ್ಲಿ ಇಂಥ ಏರಿಯ ಕೆಳಗೆ ಇರುವವರು ಈ ಪತ್ರ ಓದಿದರೆ, ದಯವಿಟ್ಟು ಒಮ್ಮೆ ಮೇಲೆ ಹೋಗಿ ಕೋಡಿಯನ್ನೂ ಬುಡದ ಒರತೆಯನ್ನೂ ನೋಡಿ ಬನ್ನಿ, ಕಂಡದ್ದನ್ನು ಬರೆದು ಪಂಚಾಯತ್‌ಗೂ ಜಿಲ್ಲಾಧಿಕಾರಿಗಳ ಕಚೇರಿಗೂ ಕೊಡಿ. ತಮ್ಮ ಎಂಜಿನಿಯರು ನಮ್ಮಲ್ಲಿಗೆ ಬರುವ ದಿನ ತಿಳಿಸಿದರೆ, ಏರಿಯಿಂದ ಮೋರಿಯವರೆಗೆ ಜೊತೆಗೆ ನಡೆದು ತೋರಿಸಲು ನಾವು ಬೈಲಿನವರೆಲ್ಲ ಇರುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಹೆಬ್ರಿ ತಾಲ್ಲೂಕಿನ ಒಬ್ಬ ಕೃಷಿಕ